ಸ್ಕ್ಯಾನ್ ಹೇಳದ್ದನ್ನು ರಕ್ತ ಹೇಳಿದ ದಿನ

ವೈದ್ಯಕೀಯ ಅಧೀಕ್ಷಕರೇ,

ನನ್ನ ಅಣ್ಣ ಬಸವಂತ ನಿಮ್ಮ ಆಸ್ಪತ್ರೆಗೆ ಮಾತಾಡುತ್ತ ಬಂದ, ಮಾತು ಕಳೆದುಕೊಂಡು ಹೊರಟ. ನಡುವೆ ಇದ್ದದ್ದು ನೀವು ಸಹಿ ಹಾಕಿದ ನಿಯಮ: ಪಾರ್ಶ್ವವಾಯು ರೋಗಿಯ ಮೆದುಳಿನ ಸ್ಕ್ಯಾನ್‌ನಲ್ಲಿ ಹಾನಿ ಕಂಡರೆ ಮಾತ್ರ ಐಸಿಯು. ಅದರ ಬಗ್ಗೆ ಮೂರು ಸಲ ಬರೆದೆ. ನೀವು ಉತ್ತರಿಸದ ಕಾರಣ ಈಗ ಊರಿಗೆಲ್ಲ ಕಾಣುವಂತೆ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾನು ನಿಮ್ಮದೇ ಲ್ಯಾಬಿನ ಟೆಕ್ನಿಷಿಯನ್.

2004ರ ಜುಲೈ. ಅಣ್ಣನಿಗೆ ನಲವತ್ತಾರು, ಬೆಂಗಳೂರಿನ ಬಿಟಿಎಂ ಬಡಾವಣೆಯ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಸುದ್ದಗುಂಟೆಪಾಳ್ಯದ ನಮ್ಮ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಅವನ ಬೆರಳು ಬಗ್ಗಲಿಲ್ಲ, ಮಾತು ತೊದಲಿತು. ಅರ್ಧ ಗಂಟೆಯೊಳಗೆ ಆಟೊದಲ್ಲಿ ಕರೆತಂದೆ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಅವನ ರಕ್ತ ಪರೀಕ್ಷಿಸಿದವಳು ನಾನೇ: ಸಕ್ಕರೆ ಮುನ್ನೂರರ ಮೇಲೆ, ಉರಿಯೂತ ತೋರಿಸುವ ಸಿಆರ್‌ಪಿ ಇರಬೇಕಾದದ್ದರ ಹತ್ತು ಪಟ್ಟು. ಯಂತ್ರ ತಪ್ಪಿರಲಿ ಎಂದುಕೊಳ್ಳುತ್ತ ಮತ್ತೊಮ್ಮೆ ನೋಡಿದೆ. ಅದೇ ಅಂಕಿ.

ಡ್ಯೂಟಿ ಡಾಕ್ಟರ್ ಚೈತ್ರ ವರದಿ ಹಿಡಿದು ಹಿರಿಯ ವೈದ್ಯರಿಗೆ ಫೋನ್ ಮಾಡಿದರು. ಫೋನ್ ಇಟ್ಟ ಮೇಲೆ ನನ್ನ ಮುಖ ನೋಡದೆ ಹೇಳಿದರು: "ಸ್ಕ್ಯಾನ್ ಕ್ಲೀನ್ ಇದೆ, ವಾರ್ಡಿಗೇ ಹಾಕಿ ಅಂತಾರೆ. ನಂಗ್ಯಾಕೋ ಇದು ಸರಿ ಕಾಣ್ತಿಲ್ಲ ವಿಜಯಲಕ್ಷ್ಮಿ. ನೀವು ಅವ್ರ ಹತ್ರಾನೇ ಇರಿ."

ಐಸಿಯುನಲ್ಲಿ ಆ ದಿನ ಎರಡು ಹಾಸಿಗೆ ಖಾಲಿ ಇದ್ದವು. ಅವೂ ನಿಯಮ ಪಾಲಿಸುತ್ತಿದ್ದವು.

ಮಧ್ಯಾಹ್ನ ಮೂರಕ್ಕೆ ಅಣ್ಣನ ಬಲಗೈ ಪೂರ್ತಿ ಸೋತಿತು. "ವಿಜಿ" ಎಂದ. ನಾನು ಕೇಳಿದ ಅವನ ಕೊನೆಯ ಮಾತು ಅದು. ಸಂಜೆ ಎರಡನೇ ಸ್ಕ್ಯಾನ್‌ನಲ್ಲಿ ಮೆದುಳಿನ ಎಡಭಾಗ ಕಪ್ಪಾಗಿತ್ತು. ಚಿತ್ರ ಸಿಕ್ಕಿತಲ್ಲ, ಹಾಸಿಗೆಯೂ ಸಿಕ್ಕಿತು. ಈಗ ಕೋಲೂರಿ ಓಡಾಡುತ್ತಾನೆ. ಮನೆಯ ಫೋನ್ ರಿಂಗಾದರೆ ಅವನೇ ಮೊದಲು ಎತ್ತುತ್ತಾನೆ. ತುಟಿ ಅಲುಗಿಸಿ, ನನ್ನ ಕೈಗೆ ಕೊಡುತ್ತಾನೆ.

ರಕ್ತ ದೊಡ್ಡದೋ ಸ್ಕ್ಯಾನ್ ದೊಡ್ಡದೋ ಎಂಬ ಜಗಳ ನನ್ನದಲ್ಲ. ಸಿಆರ್‌ಪಿ ಜ್ವರಕ್ಕೂ ಏರುತ್ತದೆ, ಹಲ್ಲಿನ ಕೀವಿಗೂ ಏರುತ್ತದೆ. ಹನ್ನೊಂದು ವರ್ಷ ರಕ್ತ ನೋಡಿದವಳಿಗೆ ಅಷ್ಟು ಗೊತ್ತು. ಮೆದುಳಿನಲ್ಲಿ ರಕ್ತಸ್ರಾವವಿಲ್ಲ ಎಂದು ತಿಳಿಯಲು ಸ್ಕ್ಯಾನ್ ಬೇಕೇ ಬೇಕು. ಆದರೆ ರಕ್ತನಾಳ ಕಟ್ಟಿಕೊಂಡ ಮೊದಲ ಗಂಟೆಗಳಲ್ಲಿ ಸ್ಕ್ಯಾನ್‌ನಲ್ಲಿ ಏನೂ ಕಾಣದಿರಬಹುದು ಎಂಬುದು ನನಗೇ ಗೊತ್ತಿರುವಾಗ ನಿಮಗೆ ಗೊತ್ತಿರಲಿಲ್ಲವೇ? ಐಸಿಯು ಸಿಕ್ಕಿದ್ದರೆ ಅವನ ಮಾತು ಉಳಿಯುತ್ತಿತ್ತೇ? ನಾನು ಹೇಳಲಾರೆ. ಯಾರೂ ಹೇಳಲಾರದಂತೆ ಮಾಡಿದ್ದು ನಿಮ್ಮ ನಿಯಮ.

ಅದನ್ನು ಹಿಂತೆಗೆಯಿರಿ. ಸ್ಕ್ಯಾನ್ ಒಂದು ಹೇಳಿ, ರಕ್ತವೂ ರೋಗಿಯ ದೇಹವೂ ಇನ್ನೊಂದು ಹೇಳಿದಾಗ, ಹಿರಿಯ ವೈದ್ಯರು ಮಂಚದ ಪಕ್ಕ ನಿಂತು, ರೋಗಿಯನ್ನು ಮುಟ್ಟಿ ನೋಡಿ ತೀರ್ಮಾನಿಸಲಿ. ಆ ತೀರ್ಮಾನದ ಕೆಳಗೆ ತಮ್ಮ ಹೆಸರು ಬರೆಯಲಿ.

ಇಂತಿ,
ಈ ಪತ್ರ ಅಚ್ಚಾಗುವವರೆಗಾದರೂ ನಿಮ್ಮ ಸಿಬ್ಬಂದಿಯಾಗಿರುವ
ವಿಜಯಲಕ್ಷ್ಮಿ