ಬಾಗಿಲ ಹೊರಗಿನ ಮಂದಿಗೆ

ಬಾಗಲಕೋಟೆ
2171ನೇ ಇಸವಿ, ಹದಿಮೂರನೆಯ ತಿಂಗಳ ಒಂಬತ್ತು

ಸಂಗಮೇಶ ಮುತ್ತಜ್ಜನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮಗೀಗ ತಿಂಗಳು ಹದಿಮೂರು. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಅದರಾಚೆ ಯಾವುದಕ್ಕೂ ನಿಮ್ಮ ಕ್ಷಮೆ ಕೇಳುವ ಉದ್ದೇಶ ನನಗಿಲ್ಲ. ನಾನು ನಿಮ್ಮ ಎರಡನೆಯ ಮಗುವಿನ ವಂಶದವಳು, ಐದಾರು ತಲೆಮಾರು ಈಚಿನವಳು. ನಿಮ್ಮ ಹೆಂಡತಿ ದಾನೇಶ್ವರಿ ಮುತ್ತಜ್ಜಿ ಸ್ಕ್ಯಾನಿಂಗ್ ಕೋಣೆಯ ಒಳಗಿದ್ದು, ನೀವು ಹೊರಗೆ ನಿಂತಿರುವಾಗಲೇ ಈ ಕಾಗದ ಕೈಸೇರುವಂತೆ ಕಳಿಸಿದ್ದೇನೆ.

ನಮ್ಮಲ್ಲಿ ಐದನೆಯ ತಿಂಗಳಿಗೆ ‘ಗುಂಡಿಗೆನೋಟ’ ಎಂಬ ಶಾಸ್ತ್ರವಿದೆ. ಬಸುರಿ ಮಂಚದ ಮೇಲೆ ಮಲಗುತ್ತಾಳೆ. ಹೊಟ್ಟೆಯ ಕೂಸಿನ ಗುಂಡಿಗೆ ಎದುರಿನ ಗೋಡೆಯ ಮೇಲೆ ಮಿಡಿಯುತ್ತದೆ, ಅದರ ನಾಲ್ಕು ಕೋಣೆಗಳನ್ನೂ ಅವಳೇ ಮೊದಲು ನೋಡುತ್ತಾಳೆ. ವೈದ್ಯೆ ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಹೇಳುತ್ತಾಳೆ. ಗಂಡ, ಅತ್ತೆ, ಬಳಗವೆಲ್ಲ ಅಂಗಳದಲ್ಲಿ ಸಜ್ಜಕ ತಿನ್ನುತ್ತ ಕೂತಿರಬೇಕು, ಅವಳು ಕರೆದರಷ್ಟೇ ಒಳಗೆ. ತಾಯಿಗಿಂತ ಮೊದಲು ತಿಳಿದುಕೊಂಡು ಬಾಯಿಗೆ ಬೀಗ ಹಾಕಿಕೊಂಡವರನ್ನು ‘ಬಾಗಿಲಮಂದಿ’ ಎಂದು ಬೈಯುತ್ತೇವೆ. ಇದಕ್ಕಿಂತ ಹೊಲಸು ಬೈಗುಳ ನಮ್ಮಲ್ಲಿಲ್ಲ. ಅದು ಹುಟ್ಟಿದ್ದು ನಿಮ್ಮಂಥವರಿಂದ.

ಡಾಕ್ಟರು ಈಗಷ್ಟೇ ನಿಮ್ಮನ್ನೂ ನಿಮ್ಮ ತಾಯಿ ನೀಲವ್ವನನ್ನೂ ಪಕ್ಕಕ್ಕೆ ಕರೆದು ಹೇಳಿದ್ದಾರೆ. ಕೂಸಿನ ಗುಂಡಿಗೆಯ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿವೆ. ಹೊಟ್ಟೆಯಲ್ಲಿರುವ ತನಕ ಅದಕ್ಕೆ ತೊಂದರೆಯಿಲ್ಲ. ಮಕ್ಕಳ ಹೃದಯದ ಆಪರೇಷನ್ ಮಾಡುವ ಆಸ್ಪತ್ರೆಯಲ್ಲೇ ಹೆರಿಗೆಯಾದರೆ ಬದುಕಿ ಬಾಳುವ ಸಾಧ್ಯತೆ ದೊಡ್ಡದು.

ಮುಂದಿನದು ನಿಮಗಿನ್ನೂ ನಡೆದಿಲ್ಲ, ನಮಗೆ ಹಳೆಯ ಕಥೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಯಂತ್ರ ಕೊಟ್ಟಿತು, ನೀವು ಕೊಡಲಿಲ್ಲ. “ಬಸರ ಹೆಣಮಗಳಿಗೆ ಇಂಥಾ ಮಾತು ಹೇಳಬಾರ್ದಪಾ, ಮೊದ್ಲ ಕುಬುಸ ಮುಗೀಲಿ,” ಎಂದರು ನೀಲವ್ವ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನೀವು, ವರ್ಷವರ್ಷವೂ ಬೋರ್ಡಿನ ಮೇಲೆ ಗುಂಡಿಗೆಯ ಚಿತ್ರ ಬರೆಯುವ ನೀವು, ತಲೆಯಾಡಿಸಿದಿರಿ. ಸೀಮಂತದ ಹಸಿರು ಸೀರೆ, ಹಸಿರು ಬಳೆ, ಹೋಳಿಗೆ, ಫೋಟೊ ಎಲ್ಲ ಆಯಿತು. ಕುಬುಸವಾದ ಮೇಲೆ ಚೊಚ್ಚಲ ಹೆರಿಗೆಗೆ ತವರು. ದಾನೇಶ್ವರಿ ಮುತ್ತಜ್ಜಿಯ ಅಪ್ಪ ಕಾರು ತಂದು ನಿಲ್ಲಿಸಿದಾಗ, ಬೇಡ ಎನ್ನಲು ಕಾರಣ ಹೇಳಬೇಕಿತ್ತು. ನೀವು ಹೆಂಡತಿಯ ಬ್ಯಾಗನ್ನು ಎತ್ತಿ ಡಿಕ್ಕಿಯಲ್ಲಿಟ್ಟಿರಿ. ಆಮೇಲೆ ಹೇಳಿದರಾಯಿತು ಎಂದುಕೊಂಡಿರಿ. ನೋವು ಬೇಗ ಬಂತು. ಆ ಊರಿನ ಸಣ್ಣ ಆಸ್ಪತ್ರೆಯಲ್ಲಿ ಕೂಸು ಹುಟ್ಟಿ ನೀಲಿಗಟ್ಟಿತು, ಯಾಕೆಂದು ಅಲ್ಲಿನವರಿಗೆ ತಿಳಿಯಲಿಲ್ಲ. ದೊಡ್ಡಾಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತು.

ನಿಮಗೆ ಮೊದಲೇ ಗೊತ್ತಿತ್ತೆಂದು ಮುತ್ತಜ್ಜಿಗೆ ತಿಳಿದದ್ದು ಸೂತಕದ ಮನೆಯಲ್ಲಿ. ಅವರು ಆಡಿದ ಮಾತು ನಮ್ಮ ಮನೆಯಲ್ಲಿ ಇಂದಿಗೂ ಉಳಿದಿದೆ: “ನನಗ ಒಂದ್ ಮಾತು ಹೇಳಿದ್ರ, ಆ ದವಾಖಾನಿಗೆ ನಾ ನಡಕೋತ ಹೋಗ್ತಿದ್ದೆ.” ಅವಳ ಮನಸ್ಸು ಮೆತ್ತಗೆ ಎಂಬುದು ನಿಮ್ಮ ಸಬೂಬು. ಮೆತ್ತಗಿದ್ದದ್ದು ನಿಮ್ಮ ಬೆನ್ನುಮೂಳೆ.

ಈಗ ಬಾಗಿಲು ತೆರೆಯುತ್ತದೆ. ಮುತ್ತಜ್ಜಿ ಸೆರಗು ಸರಿಮಾಡಿಕೊಳ್ಳುತ್ತ ಬಂದು “ಡಾಕ್ಟರು ಏನಂದ್ರು?” ಎಂದು ಕೇಳುತ್ತಾರೆ. ಹೇಳಿ. ಆ ಕೂಸು ಉಳಿದರೆ ನಿಮಗೆ ಎರಡನೆಯದು ಬೇಕೆನ್ನಿಸದಿರಬಹುದು, ಆಗ ಈ ಕಾಗದ ಬರೆದವಳು ಇರುವುದಿಲ್ಲ. ಅದನ್ನು ಯೋಚಿಸಿಯೇ ಬರೆದಿದ್ದೇನೆ. ಮರಿಮಕ್ಕಳು ಉಳಿಯಲೆಂದು ಸುಮ್ಮನಿದ್ದೆ ಎಂಬ ಇನ್ನೊಂದು ಸಬೂಬು ನಿಮಗೆ ಸಿಗಬಾರದು.

ಇಂತಿ, ಸದ್ಯಕ್ಕೆ ಇರುವ
ಇಳಾವತಿ