ರಂಜಿತ ಒಬ್ಬಳೇ ದೆಹಲಿಗೆ ಹೋಗಿ ಬಂದದ್ದು

ಕೃಷ್ಣರಾಜಪೇಟೆ
೧೨ ಫೆಬ್ರವರಿ ೨೦೨೫

ಮರಿಸ್ವಾಮಿಯವರಿಗೆ ನಿಮ್ಮ ಹೆಂಡತಿ ರಂಜಿತಳ ನಮಸ್ಕಾರ.

ಮನೆ ಬಿಟ್ಟು ಬಂದ ಹನ್ನೊಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಇಬ್ಬರ ದನಿಯೂ ಏರುತ್ತದೆ, ಅದಕ್ಕೇ ಕಾಗದ. ನಾನು ದೆಹಲಿಗೆ ಹೋಗಿ ಬಂದೆ. ಒಬ್ಬಳೇ, ವಿಮಾನದಲ್ಲಿ. ಬೇರೆಯವರ ಬಾಯಿಂದ ಪಾಂಡವಪುರದಲ್ಲಿ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಹೇಳಬೇಕೆನಿಸಿತು.

ಮದುವೆಯಾದ ನಾಲ್ಕು ವರ್ಷವೂ ದಿನಾ ಬೆಳಿಗ್ಗೆ ನನ್ನನ್ನು ಗಾಲಿಕುರ್ಚಿಯಿಂದ ಎತ್ತಿ ಇಲ್ಲಿನ ತಾಲ್ಲೂಕು ಕಚೇರಿಯ ನನ್ನ ಕೆಲಸಕ್ಕೆ ಬರುವ ಬಸ್ಸಿನ ಸೀಟಿನಲ್ಲಿ ಕೂರಿಸಿ, ಆಮೇಲೆ ನಿಮ್ಮ ಕಂಡಕ್ಟರ್ ಡ್ಯೂಟಿಗೆ ಹೋಗುತ್ತಿದ್ದಿರಿ. ಜನ ದೇವರಂಥ ಗಂಡ ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ. ದೆಹಲಿಯ ತರಬೇತಿಗೆ ನನ್ನ ಹೆಸರು ಬಂದಿದೆಯೆಂದು ತಾಲ್ಲೂಕು ಕಚೇರಿಯಿಂದ ಫೋನ್ ಬಂದಾಗ ನಾನು ಬಚ್ಚಲಲ್ಲಿದ್ದೆ. ನೀವು ಎತ್ತಿಕೊಂಡು, "ಅವ್ಳ ಕೈಲಿ ಆಗಾಕಿಲ್ಲ ಬುಡಿ ಸಾರ್, ಬ್ಯಾರೆಯವ್ರನ್ನ ಕಳ್ಸಿ" ಎಂದಿರಿ. ಎಲ್ಲವೂ ಕೇಳಿಸಿತು. ಮುಂದಿನ ವಾರವೇ ಇಲ್ಲಿ ಕಚೇರಿಯ ಹಿಂದೆ ಬಾಡಿಗೆ ಮನೆ ಹಿಡಿದೆ. ನೀವು ಹೊಡೆದಿರೆಂದು ಊರವರು ತಿಳಿದರು. ನೀವು ನನ್ನ ಮೇಲೆ ಒಮ್ಮೆಯೂ ಕೈ ಎತ್ತಿದವರಲ್ಲ. ನನ್ನ ಬದಲು ಮಾತಾಡಿಬಿಟ್ಟಿರಿ, ಅಷ್ಟೆ. ನನಗೆ ಅದೇ ಸಾಕಾಯಿತು.

ಈ ಸಲ ಮತ್ತೆ ನನ್ನ ಹೆಸರು ಬಂತು. ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ, "ಜೊತೆಗೆ ಯಾರೂ ಇಲ್ದೆ ಕಳ್ಸೋಕಾಗಲ್ಲ ಮೇಡಂ" ಎಂದಳು. ಏನೇ ಆದರೂ ಕಂಪನಿ ಜವಾಬ್ದಾರಿಯಲ್ಲ ಎಂಬ ಕಾಗದ ಮುಂದಿಟ್ಟು ಸಹಿ ಕೇಳಿದಳು. ಹಿಂದಿನ ಸಾಲಿನವರು ಗೊಣಗತೊಡಗಿದರು. ಆ ಹುಡುಗಿಯ ಮೇಲಧಿಕಾರಿ ಬಂದಾಗ ಹೇಳಿದೆ: "ಗಾಲಿಕುರ್ಚಿ ಇದೆ ಅಂತ ಟಿಕೆಟ್ ತಗೊಳ್ಳೋವಾಗ್ಲೇ ತಿಳ್ಸಿದೀನಿ. ಕರ್ಕೊಂಡು ಹೋಗಲ್ಲ ಅಂದ್ರೆ ಕಾರಣ ಬರ್ದು ಕೊಡಿ." ಅವರು ಕಾಗದವನ್ನೂ ನನ್ನನ್ನೂ ನೋಡಿದರು. ಬರೆಯಲು ಯಾರೂ ಪೆನ್ನು ತೆಗೆಯಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಲಿಫ್ಟ್ ಇರುವ ಗಾಡಿ ನನ್ನನ್ನು ವಿಮಾನದ ಬಾಗಿಲಿಗೇ ಏರಿಸಿತು.

ಒಳಗೆ ಸೀಟಿಗೆ ದಾಟಿಸಲು ಬಂದ ಹೆಂಗಸು ಬಗ್ಗಿ, "ಹೇಗೆ ಹಿಡೀಲಿ ಮೇಡಂ?" ಎಂದಳು. ಬೆನ್ನುಹುರಿಗೆ ಪೆಟ್ಟಾಗಿ ಹದಿನೆಂಟು ವರ್ಷವಾಯಿತು. ಎಷ್ಟೋ ಜನ ಎತ್ತಿದ್ದಾರೆ, ಹೀಗೆ ಕೇಳಿದವರು ಇವಳೇ ಮೊದಲು. "ಕಂಕುಳಲ್ಲಿ ಹಿಡೀರಿ, ಕಾಲನ್ನ ನಾನೇ ಎತ್ತಿಟ್ಕೋತೀನಿ" ಎಂದೆ.

ಈಗ ಬಸ್ಸನ್ನೂ ನಾನೇ ಹತ್ತುತ್ತೇನೆ. ಮೆಟ್ಟಿಲಿಗೆ ಬೆನ್ನು ಕೊಟ್ಟು ಕುಳಿತು, ಕೈಯೂರಿ, ಒಂದೊಂದಾಗಿ ಮೇಲಕ್ಕೆ. ಮೊನ್ನೆ ಮೇಲುಕೋಟೆ ಬಸ್ಸಿನ ಕಂಡಕ್ಟರ್, "ಎತ್ತಾಕ್ಬುಡ್ಲಾ ಅಕ್ಕಾ?" ಎಂದ. "ಕುರ್ಚಿ ಎತ್ತಾಕಪ್ಪ, ನನ್ನಲ್ಲ" ಎಂದೆ. ಬಸ್ಸೆಲ್ಲ ನಕ್ಕಿತು, ಅವನೂ ನಕ್ಕ. ಆದರೆ ಎಲ್ಲರ ತೋಳಿಗೂ ಈ ಬಲ ಇರುವುದಿಲ್ಲ. ಬಸ್ಸುಗಳಿಗೆ ಇಳಿಜಾರು ಹಲಗೆ ಬೇಕೆಂದು ಅರ್ಜಿ ಬರೆದಿದ್ದೇನೆ. ನಾಗಮಂಗಲ, ಶ್ರೀರಂಗಪಟ್ಟಣದ ನನ್ನಂಥವರೂ ಸಹಿ ಹಾಕಿದ್ದಾರೆ. ಕಂಡಕ್ಟರುಗಳು ಮಾತ್ರ ಮೇಲಿನವರಿಗೆ ಹೆದರಿ ಒಬ್ಬರೂ ಹಾಕಿಲ್ಲ.

ನಿಮ್ಮ ಸಹಿ ಬೇಕು. ಗಂಡನೆಂದು ಕೇಳುತ್ತಿಲ್ಲ. ನಾಲ್ಕು ವರ್ಷ ನನ್ನ ಭಾರ ಹೊತ್ತವರು ನೀವು. ಆ ಮೆಟ್ಟಿಲು ಎಷ್ಟು ಎತ್ತರವೆಂದು ನಿಮಗಿಂತ ಚೆನ್ನಾಗಿ ಬಲ್ಲ ಕಂಡಕ್ಟರ್ ಯಾರಿದ್ದಾರೆ? ಭಾನುವಾರ ಹನ್ನೊಂದರ ಬಸ್ಸಿಗೆ ಅರ್ಜಿ ಹಿಡಿದು ಪಾಂಡವಪುರಕ್ಕೆ ಬರುತ್ತೇನೆ.

ಇಂತಿ,
ರಂಜಿತ

ಮರೆತಿದ್ದೆ: ಕಳೆದ ತಿಂಗಳು ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದು, ನೀವು ಮೂರು ಸಲ "ಅಲೋ, ಯಾರು?" ಎಂದಿರಲ್ಲ? ವಿಮಾನ ಇಳಿದ ಮೇಲೆ, ನನ್ನ ಫೋನಿನಲ್ಲಿ ಚಾರ್ಜ್ ಇಲ್ಲದೆ, ಪಕ್ಕದ ಸೀಟಿನ ಅಜ್ಜಿಯ ಫೋನಿನಿಂದ ಮಾಡಿದ್ದು ನಾನೇ. ತಲುಪಿದೆ ಎಂದು ಹೇಳೋಣವೆಂದಿದ್ದೆ. ನಿಮ್ಮ ದನಿಯನ್ನು ಮೂರು ಸಲ ಕೇಳಿ, ಫೋನನ್ನು ಅಜ್ಜಿಗೆ ವಾಪಸ್ ಕೊಟ್ಟುಬಿಟ್ಟೆ.