ಆರಿಸಿಟ್ಟ ಐದು ತೋಟಾ

ವರ್ಲಿನ್,

ಶೆಡ್ಡಿನ ಬೆಂಚಿನ ಮೇಲೆ ನೀನು ಆರಿಸಿಟ್ಟಿದ್ದ, ಇನ್ನೂ ಮದ್ದು ತುಂಬದ ಐದು ಹೊಸ ಹಿತ್ತಾಳೆ ತೋಟಾಗಳನ್ನು ಹುಡುಕಬೇಡ. ಬಾಗಿಲ ಮುಂದಿನ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದ್ದೇನೆ. ಒಂದೊಂದು ಏಟಿಗೂ ನನಗೆ ಅಳಿಯ ಬ್ರೆಂಟ್‌ನ ಮುಖವೇ ಕಂಡಿತು, ಸುಳ್ಳು ಹೇಳುವುದಿಲ್ಲ.

ಇಪ್ಪತ್ತಾರು ವರ್ಷದಿಂದ ನಿನ್ನ ಕೆಲಸ ನೋಡಿದ್ದೇನೆ. ಎಲ್ಕ್ ಜಿಂಕೆಯ ಬೇಟೆಗೆ ಹೋಗುವಾಗ ಒಮ್ಮೆ ಹಾರಿಸಿದ ತೋಟಾಗಳಿಗೇ ಮತ್ತೆ ಮದ್ದು ತುಂಬುತ್ತೀಯ. "ಮಾಂಸಕ್ಕೆ ಇಷ್ಟು ಸಾಕು ಕಣೇ" ಅನ್ನುತ್ತೀಯ. ನಿನ್ನೆ ಮಾತ್ರ ನೀನು ಐವತ್ತು ಹೊಸದನ್ನು ತಂದೆ. ಒಂದೊಂದನ್ನೂ ತೂಗಿದೆ, ನೆಗ್ಗಿದ್ದ ಬಾಯಿಗಳನ್ನು ದುಂಡಗೆ ಮಾಡಿದೆ, ಐದನ್ನು ಬೇರೆ ಇಟ್ಟೆ. ಯಾಕೆ ಅಂತ ಕೇಳಿದರೆ, "ಈ ಸಲ ತಪ್ಪಬಾರದು ನೋರೀನ್" ಎಂದೆ. ನಮ್ಮ ಲೇಸಿಯ ದವಡೆ ಮುರಿದವನಿಗೆ ಅವು ಎಂದು ಆಗಲೇ ಗೊತ್ತಾಯಿತು.

ಬ್ರೆಂಟ್ ಸತ್ತರೆ ನನ್ನ ಕಣ್ಣಲ್ಲಿ ಒಂದು ಹನಿಯೂ ಬರುವುದಿಲ್ಲ. ಆದರೆ ನೀನು ಜೈಲಿಗೆ ಹೋದರೆ, "ನನ್ನಿಂದಲೇ ಅಪ್ಪ ಹೋದ" ಎಂದು ಲೇಸಿ ಬದುಕಿರುವವರೆಗೂ ಹೇಳಿಕೊಳ್ಳುತ್ತಾಳೆ. ಅವನು ಹೊಡೆದದ್ದಕ್ಕಿಂತ ಅದು ದೊಡ್ಡ ಏಟು.

ಬಂದೂಕು ನನ್ನ ಟ್ರಕ್ಕಿನಲ್ಲಿದೆ. ಅದನ್ನು ಶೆರೀಫ್ ಕಚೇರಿಯಲ್ಲಿ ಕೊಟ್ಟು, ಆಸ್ಪತ್ರೆಯಿಂದ ಲೇಸಿಯನ್ನು ಕರೆತರುತ್ತೇನೆ.

ನಾಯಿಗಳಿಗೆ ನೀರಿಡು. ಅವಳ ಹಾಸಿಗೆ ಸರಿಮಾಡು.

ಅವಳ ಮುಖ ನೋಡಿದ ಕೂಡಲೇ ಬಾಗಿಲ ಕಡೆ ತಿರುಗಬೇಡ, ಕೂತುಕೋ. ಒಲೆಯ ಮೇಲೆ ಆಲೂಗಡ್ಡೆ ಬೆಂದಿದೆ. ನುಣ್ಣಗೆ ಹಿಸುಕಿ ಹಾಲು ಬೆರೆಸು. ಒಂದು ಗಂಟೂ ಉಳಿಯಬಾರದು. ದವಡೆಗೆ ತಂತಿ ಬಿಗಿದಿದ್ದಾರೆ, ಅವಳು ಸ್ಟ್ರಾದಲ್ಲಿ ಹೀರಬೇಕು.

ನೋರೀನ್